ಮೇಲಿನ ಸ್ಟಾಪು

ಚಿಕ್ಕವನು ಉಸಿರು ಬಿಗಿಹಿಡಿದು, ಕತ್ತು ನಿಗುರಿಸಿಕೊಂಡು ಅಳತೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಆದರೂ ಕೆಂಪು ಗೆರೆಗೆ ಎರಡು ಬೆರಳು ಕಡಿಮೆಯೇ ಬಿತ್ತು.

"ಒಬ್ನೇ ಹತ್ತೋ ಹಾಗಿಲ್ಲ ಮರಿ," ಎಂದ ಜೈಂಟ್ ವೀಲಿನ ಗೇಟಿನವನು. "ಜೊತೆಗೆ ದೊಡ್ಡವರು ಬೇಕು. ನೀವು ಬನ್ನಿ ಮೇಡಂ."

ತಾಯಿಯ ಕೈ ತಾನಾಗಿ ಸೊಂಟದ ಬೆಲ್ಟಿನ ಮೇಲೆ ಹೋಯಿತು. ಬೀದಿಯವರಿಗೆಲ್ಲ ಅವಳು ಕಂಡಕ್ಟರಮ್ಮ. ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತೂ ನಿಂತೂ ಸೊಂಟ ಕೈಕೊಟ್ಟಿತ್ತು. ಬೆನ್ನುನೋವಿದ್ದವರು ಹತ್ತಬಾರದೆಂದು ಗೇಟಿನ ಬೋರ್ಡಿನಲ್ಲೇ ಬರೆದಿತ್ತು.

"ನಾನು ಹೋಗ್ತೀನಿ," ಎಂದಳು ಅವನ ಅಕ್ಕ, ದೊಡ್ಡವಳು.

"ವಯಸ್ಸೆಷ್ಟಮ್ಮ?"

"ಹೋದ ವಾರ ಹದಿನಾಲ್ಕು ತುಂಬ್ತು."

"ಹಾಗಾದ್ರೆ ಆಯ್ತು. ಹದಿನಾಲ್ಕು ತುಂಬಿದವರು ನಮ್ಮ ಲೆಕ್ಕಕ್ಕೆ ದೊಡ್ಡವರೇ."

"ನಿಮ್ಮ ಲೆಕ್ಕಕ್ಕೆ," ಎಂದಳು ಕಂಡಕ್ಟರಮ್ಮ. "ಒಲೆ ಮೇಲಿರೋ ಹಾಲು ನೋಡ್ಕೊ ಅಂದ್ರೆ, ಅದು ಉಕ್ಕಿ ಒಲೆ ಆರೋವರೆಗೂ ಪಕ್ಕದಲ್ಲೇ ನಿಂತು ನೋಡ್ತಾಳೆ ಇವಳು."

ಬೆಳಿಗ್ಗೆಯಷ್ಟೇ ಸೀಟಿಯ ರಂಪ ಆಗಿತ್ತು. ಮೊಳೆಗೆ ನೇತುಹಾಕಿದ್ದ ಡ್ಯೂಟಿ ಸೀಟಿ ಮಾಯವಾಗಿತ್ತು. ಮನೆಯಲ್ಲಿ ಏನು ಕಳೆದರೂ ದೊಡ್ಡವಳದೇ ತಪ್ಪೆಂಬುದು ರೂಢಿಯಾಗಿದ್ದರಿಂದ ಕಂಡಕ್ಟರಮ್ಮ ಅವಳಿಗೆ ಮನಸಾರೆ ಬೈದಿದ್ದಳು. ಹುಡುಗಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. ಇಂಥವಳ ಕೈಯಲ್ಲಿ ಮಗುವನ್ನು ಕೊಟ್ಟು ಆಕಾಶಕ್ಕೆ ಕಳಿಸುವುದೇ?

ಚಿಕ್ಕವನ ಮುಖ ಅಳುವ ಹಾಗಾಯಿತು. ಕಂಡಕ್ಟರಮ್ಮ ಸೋತಳು.

"ಹೋಗಿ. ಅವನ ಕೈ ಬಿಟ್ಯೋ, ಇಳಿದ ಮೇಲೆ ಇದೆ ನಿನಗೆ."

ಚಕ್ರ ಎರಡು ಸುತ್ತು ಸುತ್ತಿತು. ಮಕ್ಕಳ ತೊಟ್ಟಿಲು ಮತ್ತೊಮ್ಮೆ ತುತ್ತತುದಿಗೆ ಏರಿದಾಗ ಕಿರ್ರೆಂದು ನಿಂತೇಬಿಟ್ಟಿತು. ಸುತ್ತಲಿನ ಸ್ಪೀಕರುಗಳ ಹಾಡುಗಳೆಲ್ಲ ಒಮ್ಮೆಲೇ ಬಂದ್ ಆದವು.

"ಕರೆಂಟ್ ಹೋಯ್ತು ಅಷ್ಟೇ. ಜನರೇಟರ್ ಹಾಕ್ತಾರೆ, ಗಾಬರಿ ಬೇಡ," ಎಂದ ಗೇಟಿನವನು.

ಆ ನಿಶ್ಶಬ್ದದಲ್ಲಿ ಮೇಲಿನಿಂದ ಚಿಕ್ಕವನ ಅಳು ಕೇಳಿಸಿತು. ಅವನು ಎದ್ದು ನಿಂತಿದ್ದ. ತೊಟ್ಟಿಲು ತೂಗಾಡಿತು. ಕಿಕ್ಕಿರಿದ ಬಸ್ಸನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದ ಕಂಡಕ್ಟರಮ್ಮನ ಗಂಟಲಿನಿಂದ ಸ್ವರವೇ ಹೊರಡಲಿಲ್ಲ.

ಆಗ ಮೇಲಿನಿಂದ ಉದ್ದನೆಯ ಸೀಟಿಯೊಂದು ಕೇಳಿಸಿತು. ಒಳಗಿನ ಗುಂಡು ಸವೆದು ಸ್ವಲ್ಪ ಗೊರಗೊರ ಎನ್ನುವ ಸೀಟಿ. ನೂರು ಸೀಟಿಗಳ ನಡುವೆಯೂ ಅವಳು ಅದನ್ನು ಗುರುತಿಸಬಲ್ಲಳು.

"ಹೋಲ್ಡಾನ್. ಸಿಗ್ನಲ್ ಬಿದ್ದಿದೆ, ಯಾರೂ ಇಳೀಬಾರ್ದು. ರೀ ಯಜಮಾನ್ರೇ, ನಿಮಗೇ ಹೇಳ್ತಿರೋದು. ಕೂತ್ಕೊಳ್ಳಿ, ಕಂಬಿ ಹಿಡ್ಕೊಳ್ಳಿ. ಎಲ್ಲಿಗೆ ಕೊಡ್ಲಿ?"

ಅಳು ಅರ್ಧಕ್ಕೇ ನಿಂತಿತು. "ಮನೆಗೆ," ಎಂದಿತು ಸಣ್ಣ ದನಿ.

"ಮನೆ ಕಡೇ ಸ್ಟಾಪು. ಚಿಲ್ರೆ ಕೊಡಿ."

ಕೆಳಗಿನ ತೊಟ್ಟಿಲಿನಲ್ಲಿ ಯಾರೋ ನಕ್ಕರು. "ಕಂಡಕ್ಟ್ರೇ, ನಮಗೂ ಒಂದು ಟಿಕೆಟ್ ಕೊಡಿ," ಎಂದರು ಮುದುಕರೊಬ್ಬರು.

"ಬರ್ತೀನಿ ಇರಿ ಸಾರ್. ಇರೋದು ಎರಡೇ ಕೈ."

ದನಿ ದೊಡ್ಡವಳದು; ಆ ರಾಗ, ಆ ಸಿಡುಕು, ಎಲ್ಲವೂ ಕಂಡಕ್ಟರಮ್ಮನದೇ. ನೋಡಿಕೊಳ್ಳಲು ಯಾರೂ ಇಲ್ಲದ ದಿನಗಳಲ್ಲಿ ಮಗಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಹುಡುಗಿ ಕಿಟಕಿಯಾಚೆ ನೋಡುತ್ತ ಕನಸು ಕಾಣುತ್ತಿದ್ದಾಳೆಂದೇ ಅವಳು ತಿಳಿದಿದ್ದಳು.

"ಯಾರ ಮಗಳಪ್ಪ ಅದು?" ಎಂದು ಸರತಿಯಲ್ಲಿದ್ದ ಹೆಂಗಸೊಬ್ಬಳು ಕೇಳಿದಳು.

"ನನ್ನ ಮಗಳು." ಸತ್ತೇಹೋಗಿದ್ದ ದನಿ ಇಡೀ ಸಾಲಿಗೆ ಕೇಳುವಷ್ಟು ಜೋರಾಗಿ ಮರಳಿತ್ತು. "ನನ್ನ ದೊಡ್ಡ ಮಗಳು." ಎದೆಯುಬ್ಬಿ, ಬೆಲ್ಟು ಬಿಗಿಯೆನಿಸಿತು.

ಜನರೇಟರು ಗುಡುಗುಟ್ಟಿತು. ಗೇಟಿನವನು ಗುಂಡಿಯ ಮೇಲೆ ಬೆರಳಿಟ್ಟು ಮೇಲಕ್ಕೆ ನೋಡಿದ. ಎರಡು ಸೀಟಿ ಬಿತ್ತು. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಅವನು ನಗುತ್ತ ಗುಂಡಿ ಒತ್ತಿದ.

ಕೆಳಗಿಳಿದಾಗ ಅಕ್ಕ ತಮ್ಮನ ಕೈಯನ್ನು ಅದೆಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಇಬ್ಬರ ಬೆರಳೂ ಬಿಳಚಿಕೊಂಡಿದ್ದವು.

"ಅಮ್ಮ, ಸೀಟಿ ತಗೊಂಡಿದ್ದು ನಾನು," ಎಂದ ಚಿಕ್ಕವನು. "ನನ್ನ ಜೇಬಲ್ಲೇ ಇತ್ತು. ಅಕ್ಕಂಗೆ ಬೆಳಿಗ್ಗೆನೇ ಗೊತ್ತಿತ್ತು."

ದೊಡ್ಡವಳು ಕಾಲಬೆರಳಿನಿಂದ ನೆಲ ಕೆರೆದಳು. ಕಂಡಕ್ಟರಮ್ಮನ ಬಾಯಿಂದ ಬಂದದ್ದು, "ನಡೀರಿ, ಹೊತ್ತಾಯ್ತು," ಎಂಬ ಮಾತಷ್ಟೇ.

ಯಾವತ್ತೂ ಮುಂದೆ ನಡೆದು ಇಬ್ಬರನ್ನೂ ಎಳೆದುಕೊಂಡು ಹೋಗುವವಳು ಇವತ್ತು ಹಿಂದುಳಿದಳು. ರಸ್ತೆ ಬಂತು. ದೊಡ್ಡವಳು ಒಂದು ಕೈಯಲ್ಲಿ ತಮ್ಮನನ್ನು ಹಿಡಿದು, ಇನ್ನೊಂದು ಕೈಯನ್ನು ಅಡ್ಡ ಚಾಚಿ, ಎರಡೂ ಕಡೆ ನೋಡಿ, ಒಂದು ಸೀಟಿ ಊದಿದಳು.

ಕಂಡಕ್ಟರಮ್ಮ ನಿಂತಳು.