ಹೂವಕ್ಕನ ಗಂಡನ ಮನೆ

ಹೂವಕ್ಕನಿಗೆ ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ.

ಅಜ್ಜಿ ಪಾಪಮ್ಮ ತನ್ನ ಹಳೇ ಸೀರೆಯ ಸೆರಗು ಹರಿದು, ಹತ್ತಿ ತುಂಬಿ ಮೊಮ್ಮಗಳು ದಿವ್ಯಳಿಗೆ ಹೊಲಿದುಕೊಟ್ಟ ಗೊಂಬೆ ಅದು. ಕತೆ ಕೇಳುವಾಗಲೆಲ್ಲ ದಿವ್ಯ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಕತೆಯಲ್ಲಿ ರಾಕ್ಷಸಿ ಬಂದರೆ ಗೊಂಬೆಯ ಕಣ್ಣು ಮುಚ್ಚುತ್ತಿದ್ದಳು. ಬೇಸಿಗೆ ರಜೆ ಬಂತು, ದೊಡ್ಡಬೆಳವಂಗಲದ ಆ ಬೀದಿಯ ಹುಡುಗಿಯರೆಲ್ಲ ಸೇರಿ ಗೊಂಬೆ ಮದುವೆ ಮಾಡಿದರು. ಎದುರುಮನೆ ಮೋನಿಷಾಳ ಪ್ಲಾಸ್ಟಿಕ್ ಗೊಂಬೆ ಗಂಡು. ಪಾನಕ, ಚಿತ್ರಾನ್ನ ಎಲ್ಲ ಆಯಿತು. ಮದುವೆಯಾದ ಹೆಣ್ಣು ಗಂಡಿನ ಮನೆಗೇ ಹೋಗಬೇಕೆಂದು ಅಜ್ಜಿಯೇ ಹೂವಕ್ಕನನ್ನು ಕಳಿಸಿಕೊಟ್ಟಳು.

ದಿವ್ಯ ಬೆಲ್ಲದ ಚೂರು ಹಿಡಿದು ಮಗಳನ್ನು ನೋಡಲು ಎದುರುಮನೆಗೆ ಹೋದಳು.

"ಹೂವಕ್ಕ ಎಲ್ಲೇ?"

"ಎಲ್ಲೋ ಬಿದ್ದಿರ್ಬೇಕು, ನೋಡ್ಕೋ," ಮೋನಿಷಾ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಹೂವಕ್ಕ ಬಚ್ಚಲ ಮೂಲೆಯಲ್ಲಿದ್ದಳು. ಮುಖಕ್ಕೆ ಹಳದಿ ಹೇಲು ಮೆತ್ತಿತ್ತು. ಮೋನಿಷಾಳ ಮನೆಯ ಕೂಸು ಚೀಪಿ ಬಿಟ್ಟ ಕೈ ಜೊಲ್ಲು ಒಣಗಿ ಗಟ್ಟಿಯಾಗಿತ್ತು. ನೊಣಗಳು ಏಳಲೂ ಸೋಮಾರಿಯಾಗಿ ಕೂತಿದ್ದವು.

"ಚಿಂದಿಬಟ್ಟೆ ಅಂದ್ಕೊಂಡು ಪಾಪೂಗೆ ಒರೆಸ್ಬಿಟ್ಟೆ ಕಣಮ್ಮ," ಮೋನಿಷಾಳ ಅಮ್ಮ ನಗುತ್ತಲೇ ಹೇಳಿದಳು.

"ಒರೆಸೋಕೆ ನಿಮ್ ಗಂಡುಗೊಂಬೆ ಇರ್ಲಿಲ್ವಾ? ನಾನು ಇವ್ಳನ್ನ ಕರ್ಕೊಂಡೋಗ್ತೀನಿ."

"ಹೆಂಗ್ ಕರ್ಕೊಂಡೋಗ್ತೀಯೇ?" ಮೋನಿಷಾ ಈಗ ಎದ್ದು ಬಂದಳು. "ಮದ್ವೆ ಆಗೈತೆ. ಅದೀಗ ನಮ್ದು."

ಜಗುಲಿಯಲ್ಲಿದ್ದ ಅವಳಜ್ಜಿ ನರಸಮ್ಮ ಎಲೆಅಡಿಕೆ ತುಂಬಿದ ಬಾಯಲ್ಲೇ, "ಸರಿಯಾಗೇಳ್ದೆ ಮಗ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು," ಎಂದು ಬೀದಿಗೆ ಉಗುಳಿದಳು. ಕೆಂಪು ಎಳೆಯೊಂದು ಗಲ್ಲದಲ್ಲಿ ನೇತಾಡಿತು. ದಿವ್ಯಳಿಗೆ ಬಚ್ಚಲಿಗಿಂತ ಆ ಬಾಯಿಯೇ ಹೆಚ್ಚು ನಾರುವಂತೆ ಕಂಡಿತು.

ಅವಳು ಬೆಲ್ಲ ಬಿಸಾಕಿದಳು. ಉಸಿರು ಬಿಗಿಹಿಡಿದು, ಹೂವಕ್ಕನನ್ನು ಬರಿಗೈಯಲ್ಲೇ ಎತ್ತಿ ಲಂಗದ ಮಡಿಲಿಗೆ ಹಾಕಿಕೊಂಡಳು. ಒದ್ದೆ ತೊಡೆಗೆ ಇಳಿಯಿತು. ಮೋನಿಷಾ ಕೈ ಚಾಚಿದಳು. ಗೊಂಬೆಯ ಮುಖ ನೋಡಿ ತಾನೇ ಹಿಂದೆ ಸರಿದಳು.

ಮನೆ ಬಾಗಿಲಲ್ಲಿ ಪಾಪಮ್ಮ ಮೂಗಿಗೆ ಸೆರಗು ಒತ್ತಿಕೊಂಡಳು.

"ಥೂ, ಹೇಸಿಗೆ. ತಿಪ್ಪೆಗೆ ಹಾಕ್ಬಾ. ಹೊಸದು ಹೊಲ್ಕೊಡ್ತೀನಿ."

"ನೀನೇ ಕಳ್ಸಿದ್ದು," ಎಂದಳು ದಿವ್ಯ. "ನೀರು ಹಾಕು."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚೊಂಬು ತುಂಬಿದಳು. ದಿವ್ಯ ಸೋಪು ತಿಕ್ಕಿದಳು. ಹಳದಿ ನೀರು ಬೆರಳ ಸಂದಿಯಲ್ಲಿ ಹರಿಯಿತು. ಮತ್ತೆ ಮತ್ತೆ ಓಕರಿಕೆ ಬಂತು. ಬಂದಾಗೆಲ್ಲ ಮುಖ ಆಚೆ ತಿರುಗಿಸಿದಳು, ಕೈ ಮಾತ್ರ ತಿಕ್ಕುತ್ತಲೇ ಇತ್ತು.