ಪಿಹ್ಲಸ್ತೆಯ ಕಂದು ಪಟ್ಟೆ

ಟಪ್ ಎಂದಿತು, ಅಷ್ಟೇ. ಮಗ್ಗಕ್ಕೆ ಬಿಗಿದಿದ್ದ ಹಾಸಿನ ಎಳೆಯೊಂದು ಕಡಿದ ಸದ್ದು. ಊರೆಲ್ಲ ಮಲಗಿದ ಹೊತ್ತಿನಲ್ಲಿ ಅದು ಗಂಡನ ನಿದ್ದೆ ಕೆಡಿಸಿತೇನೋ ಎಂದು ಹೆಲ್ವೆ ಉಸಿರು ಹಿಡಿದು ಕೂತಳು. ಗೋಡೆಯಾಚೆಯ ಗೊರಕೆ ಹಾಗೇ ಮುಂದುವರಿಯಿತು. ಕಡಿದ ಎಳೆಗೆ ಗಂಟು ಹಾಕಿ, ದೀಪ ಹತ್ತಿರಕ್ಕೆ ಎಳೆದುಕೊಂಡು, ನೇಯ್ದಷ್ಟನ್ನು ಮತ್ತೆ ನೋಡಿದಳು. ಕೆಂಪು ಸರಿಯಿತ್ತು, ನೀಲಿ ಸರಿಯಿತ್ತು. ಕೆಂಪಿನ ನಡುವೆ ಬರುವ ಕಂದು ಮಾತ್ರ ಈ ಸಲವೂ ಕೂಡಿಬಂದಿರಲಿಲ್ಲ.

ಈರುಳ್ಳಿ ಸಿಪ್ಪೆ ಕುದಿಸಿದ್ದಾಗಿತ್ತು, ಮರದ ತೊಗಟೆ ಕುದಿಸಿದ್ದಾಗಿತ್ತು. ಉಣ್ಣೆಯನ್ನು ಜೌಗುನೆಲದ ಕಪ್ಪು ನೀರಿನಲ್ಲಿ ವಾರಗಟ್ಟಲೆ ನೆನೆಸಿಟ್ಟದ್ದೂ ಆಗಿತ್ತು. ಬಣ್ಣವೇನೋ ಬರುತ್ತಿತ್ತು, ಆದರೆ ಅದು ಆ ಬಣ್ಣವಲ್ಲ.

ಎಸ್ಟೋನಿಯಾದಲ್ಲಿ ಒಂದೊಂದು ಸೀಮೆಯ ಹೆಂಗಸರಿಗೆ ಒಂದೊಂದು ಪಟ್ಟೆ ಲಂಗ. ದೂರದಿಂದ ಪಟ್ಟೆ ನೋಡಿಯೇ ಇವಳು ಯಾವ ಕಡೆಯವಳೆಂದು ಹೇಳುವ ಅಜ್ಜಿಯರು ಈಗಲೂ ಇದ್ದಾರೆ. ಪಿಹ್ಲಸ್ತೆಗೆ ಈಗ ಉಳಿದದ್ದು ಆ ಪಟ್ಟೆಯೊಂದೇ. ಎರಡು ವರ್ಷದ ಹಿಂದೆ ಸರ್ಕಾರ ಸಣ್ಣ ಪಂಚಾಯ್ತಿಗಳನ್ನೆಲ್ಲ ಕೂಡಿಸಿದಾಗ ಪಿಹ್ಲಸ್ತೆಯನ್ನು ಪಕ್ಕದ ಸೋಮ್ರಾಕ್ಕೆ ಸೇರಿಸಿದರು. ಕಚೇರಿ ಹೋಯಿತು, ಶಾಲೆ ಹೋಯಿತು. ಹೆದ್ದಾರಿಯ ಫಲಕದ ಮೇಲೂ ಸೋಮ್ರಾ ಎಂದೇ ಬಂತು. ಸೋಮ್ರಾದವರ ಲಂಗದಲ್ಲಿ ಕೆಂಪು ಪಟ್ಟೆ ಬರಿದೇ ಕೆಂಪು. ಪಿಹ್ಲಸ್ತೆಯ ಕೆಂಪಿನೊಳಗೆ ಮಾತ್ರ ಕಂದು ಗೆರೆ, ಒಂದು ಪಟ್ಟೆಯಲ್ಲಿ ಮೂರೆಳೆ, ಮುಂದಿನದರಲ್ಲಿ ಐದೆಳೆ. ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿ ಅಂಗೈಯಗಲದ ತುಂಡೊಂದು ಗಾಜಿನಡಿ ಇದೆ. ಊರಿನವರು ಅಂಗಡಿಯ ಕಂದು ನೂಲಿನಲ್ಲೇ ನೇಯ್ದುಕೊಳ್ಳುತ್ತಿದ್ದರು, ಹೆಲ್ವೆಗೆ ಬೇಕಾದದ್ದು ಆ ತುಂಡಿನ ಕಂದು. ಅದರ ಕುರಿತ ಕರಪತ್ರ ಬರೆದವಳು ಹೆಲ್ವೆಯೇ. ಟಾರ್ಟುವಿನ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ಊರಿನ ಪುಸ್ತಕಾಲಯ ನೋಡಿಕೊಳ್ಳುತ್ತ, ಸಂಜೆ ಹೆಂಗಸರಿಗೆ ನೇಯ್ಗೆ ಕಲಿಸುತ್ತಿದ್ದವಳು ಅವಳು. ಮೂರು ಮತ್ತು ಐದರ ಈ ಲೆಕ್ಕ ಜಿಲ್ಲೆಯಲ್ಲೇ ಅತಿ ಹಳೆಯದು, ಸೋಮ್ರಾದವರ ಲಂಗಕ್ಕಿಂತ ಎಷ್ಟೋ ಹಿಂದಿನದು ಎಂದು ಅವಳು ಬರೆದಿದ್ದಳು. ಒಂದೊಂದು ಪದವನ್ನೂ ತೂಗಿ ಬರೆಯುವವಳಾದ್ದರಿಂದ ಜನ ಅದನ್ನು ನಂಬಿದರು. ಸೋಮ್ರಾದವರು ಕೂಡ ಬಾಯಿ ಮುಚ್ಚಿಕೊಂಡರು.

ಈ ಬೇಸಿಗೆಯಲ್ಲಿ ರಾಜಧಾನಿ ಟಾಲಿನ್‌ನಲ್ಲಿ ಹಾಡುಹಬ್ಬ. ನಾಡಿನ ಹಾಡುಮೇಳಗಳೆಲ್ಲ ಕೂಡುವ ಆ ಹಬ್ಬದ ಮೆರವಣಿಗೆಯಲ್ಲಿ ಪಿಹ್ಲಸ್ತೆಯ ಹೆಂಗಸರ ಮೇಳ ಸೋಮ್ರಾದ ಮೇಳದ ಬೆನ್ನಿಗೇ ನಡೆಯಬೇಕು. ಮೇಳ ನಡೆಸುವ ತೈಮಿ ಗಟ್ಟಿ ಗಂಟಲಿನ, ಗಟ್ಟಿ ನಗುವಿನ ಹೆಂಗಸು. ಎಲ್ಲರಿಗೂ ಹೊಸ ಲಂಗ ಆಗಲೇಬೇಕೆಂದು ಅವಳೇ ಪಟ್ಟು ಹಿಡಿದದ್ದು. ಲಂಗ ಇಲ್ಲದೆ ಹೋದರೆ ನಾವು ಸೋಮ್ರಾದವರ ಬಾಲ ಆಗ್ತೀವಿ, ಅಷ್ಟೇ, ಎಂದಿದ್ದಳು.

ಮರುದಿನ ಹೆಲ್ವೆ ಅಲ್ವೀನಜ್ಜಿಯ ಮನೆಗೆ ಹೋದಳು. ಗಾಜಿನಡಿಯ ಆ ತುಂಡನ್ನು ಹಿಂದೆ ಊರೂರು ಸುತ್ತಿ ಹಳೆಯ ಬಟ್ಟೆ ಕೂಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಕತ್ತರಿಸಿ ಕೊಟ್ಟವಳು ಅಲ್ವೀನಜ್ಜಿಯ ತಾಯಿ. ಆಕೆ ತೀರಿಹೋಗಿ ಬಹಳ ಕಾಲವಾಗಿತ್ತು. ಉಣ್ಣೆಗೆ ಏನು ಹಾಕಿ ಬಣ್ಣ ಕಟ್ಟುತ್ತಿದ್ದರೆಂದು ಮಗಳಿಗಾದರೂ ನೆನಪಿದ್ದೀತು ಎಂಬ ಆಸೆ. ಇಷ್ಟು ವರ್ಷ ಇದನ್ನು ಕೇಳುವುದು ತನಗೇಕೆ ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ಅವಳಿಗೆ ಕಸಿವಿಸಿಯಾಗುತ್ತಿತ್ತು. ಕರಪತ್ರ ಬರೆಯುವಾಗ ಅವಳು ಪುಸ್ತಕಗಳನ್ನು ನೋಡಿದ್ದಳೇ ಹೊರತು, ಎರಡು ಮೈಲಿ ಆಚೆಗಿದ್ದ ಈ ಮನೆಯ ಬಾಗಿಲು ತಟ್ಟಿರಲಿಲ್ಲ.

ಅಜ್ಜಿ ಕಾಫಿ ಕಾಯಿಸಿ, ಕಪ್ಪು ರೊಟ್ಟಿಯ ಮೇಲೆ ಹೊಗೆಮೀನು ಇಟ್ಟುಕೊಟ್ಟಳು. ಹೆಲ್ವೆ ತಂದಿದ್ದ ನೇಯ್ಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಕಂದು ಗೆರೆ ಸವರಿ ನೋಡಿ, ಸಣ್ಣಗೆ ನಕ್ಕಳು.

"ಇದಕ್ಕೆ ಯಾವ ಬಣ್ಣ ಹಾಕಿದ್ರು ಅಂತ ಕೇಳ್ತೀಯಾ? ನಾಯಿ ಬಣ್ಣ ಕಣೇ ಅದು. ನಾಯಿ ಕೂದಲು."

ಹೆಲ್ವೆಗೆ ತಮಾಷೆ ಎನಿಸಿತು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ರೊಟ್ಟಿ ತಿನ್ನುತ್ತಲೇ, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ನಲವತ್ತೊಂಬತ್ತರ ಮಾರ್ಚಿನಲ್ಲಿ ಆಗಿನ ಕಮ್ಯುನಿಸ್ಟ್ ಸರ್ಕಾರ ಅವಳ ಮನೆಯವರನ್ನು ದನದ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದಾಗ ಅವಳಿಗೆ ಎಂಟು ವರ್ಷ. ಗಂಟು ಕಟ್ಟಲು ಕೊಟ್ಟ ಹೊತ್ತಿನಲ್ಲಿ ತಾಯಿ ಹಾಡುಹಬ್ಬದ ಲಂಗವನ್ನೂ ತುರುಕಿಕೊಂಡಳು. ಅದಕ್ಕೆ ಬದಲು ಬಾಣಲೆ ತರಬಾರದಿತ್ತೇ ಎಂದು ಆಮೇಲೆ ಎಷ್ಟೋ ಸಲ ಹಳಹಳಿಸಿದ್ದಳಂತೆ. ಎರಡನೆಯ ಚಳಿಗಾಲ ಮಗಳು ಜ್ವರ ಬಂದು ಮಲಗಿದಳು. ಅಲ್ಲಿನ ಮೇಸ್ತ್ರಿಯ ಹೆಂಡತಿಗೆ ಕೆಂಪೆಂದರೆ ಪ್ರಾಣ. ತಾಯಿ ಲಂಗದ ಪ್ರತಿ ಕೆಂಪು ಪಟ್ಟೆಯ ನಡುವಿನಿಂದ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಅವಳಿಗೆ ಕೈಗವಸು ಹೆಣೆದುಕೊಟ್ಟು, ಮಗಳಿಗೆ ಹಾಲು ತಂದಳು. ಎಳೆ ಹೋದ ಕಡೆ ಲಂಗ ಬಾಯಿ ಬಿಟ್ಟುಕೊಂಡಿತ್ತು. ಬೀದಿನಾಯಿಯ ಮೈ ಬಾಚಿ ಬಂದ ಕೂದಲನ್ನು ನೂತು, ಸೂಜಿಯಲ್ಲೇ ನೇಯ್ದು ಮುಚ್ಚಿದಳು.

"ಮೂರು, ಐದು ಅಂತ ನೀನು ಏನೇನೋ ಬರ್ದಿದ್ಯಲ್ಲ," ಎಂದಳು ಅಜ್ಜಿ. "ನೂಲು ಇದ್ದ ಕಡೆ ಐದು. ಇಲ್ಲದ ಕಡೆ ಮೂರು. ಇನ್ನೇನಿಲ್ಲ."

ಹಾಗಾದರೆ ಮೊದಲು ಆ ಪಟ್ಟೆ ಬರಿದೇ ಕೆಂಪಾಗಿತ್ತೇ ಎಂದು ಹೆಲ್ವೆ ಕೇಳಿದಳು. ಹೌದು, ಸೋಮ್ರಾದವರದ್ದರ ಹಾಗೇ, ಇಲ್ಲಿಗೂ ಅಲ್ಲಿಗೂ ಲಂಗದಲ್ಲಿ ಯಾವ ಕಾಲಕ್ಕೂ ಭೇದ ಇರಲಿಲ್ಲ ಎಂದಳು ಅಜ್ಜಿ.

ಹೆಲ್ವೆ ಕಾಫಿ ಕೆಳಗಿಟ್ಟಳು. ವಿದ್ಯಾರ್ಥಿಗಳು ಬಂದಾಗ ತಾಯಿ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿ, ಕೇಳಿದ ಮರುಕ್ಷಣ ನಾಚಿದಳು.

"ಹೇಳಿದ್ರೆ ಎಲ್ಲಿ ಹೊಲಿದ್ರಿ ಅಂತ ಕೇಳ್ತಿದ್ರು. ಸೈಬೀರಿಯಾದಲ್ಲಿದ್ವಿ ಅಂತ ಆ ಸರ್ಕಾರದ ಕಾಲದಲ್ಲಿ ಯಾರು ಬಾಯಿಬಿಡ್ತಿದ್ರು? ಹಳೇದಾ ಅಂದ್ರು. ಅಮ್ಮ ಹೌದು ಅಂತ ತಲೆ ಆಡಿಸಿದ್ಳು."

ಈಗ ಹೇಳಬಹುದಲ್ಲ, ಹೆದರಿಕೆಯ ಕಾಲ ಹೋಯಿತಲ್ಲ ಎಂದಳು ಹೆಲ್ವೆ. ಅಜ್ಜಿ ತಟ್ಟೆಯ ಪುಡಿ ಬಳಿದು ಹಕ್ಕಿಗಳಿಗೆಂದು ತೆಗೆದಿಟ್ಟಳು. ಮಾರ್ಚ್ ಬಂದರೆ ಸಾಕು, ಸಾಗಿಸಿದ ದಿನದ ನೆನಪಿಗೆ ಮೇಣದಬತ್ತಿ ಹಚ್ಚಿ ತನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ತಾನು ಅಲ್ಲಿಂದ ಬಂದ ಮೇಲೆ ಅರವತ್ತು ವರ್ಷ ಹಸು ಕರೆದೆ, ಅದನ್ನು ಯಾರೂ ಕೇಳುವುದಿಲ್ಲ ಎಂದಳು. ಆಮೇಲೆ ಬಾಗಿಲವರೆಗೆ ಬಂದು, "ನೀನು ಓದಿದವಳು. ಹೇಳ್ತೀಯೋ ಬಿಡ್ತೀಯೋ ನೋಡ್ಕೋ. ಅಮ್ಮನ್ನ ಮಾತ್ರ ಸುಳ್ಳಿ ಅನ್ನಿಸಬೇಡ," ಎಂದಳು.

ಗುರುವಾರ ಮೇಳದ ಅಭ್ಯಾಸ. ಅಷ್ಟರಲ್ಲಿ ಹೆಲ್ವೆ ಎರಡು ಸಲ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಲು ಹೋಗಿ ಕೆಳಗಿಟ್ಟಳು. ನಿಜ ಹೇಳಿದರೆ ಪಟ್ಟೆಯನ್ನು ಸೀಮೆಗಳ ಲಂಗಗಳ ಪಟ್ಟಿಯಿಂದ ತೆಗೆಯುತ್ತಾರೆ, ಪಿಹ್ಲಸ್ತೆಯವರು ಸೋಮ್ರಾದ ಲಂಗ ಉಟ್ಟು ಸೋಮ್ರಾದವರ ಹಿಂದೆ ನಡೆಯುತ್ತಾರೆ. ಅಥವಾ ಅದಕ್ಕಿಂತ ಕೆಟ್ಟದ್ದು, ಟಿವಿಯವರು ಅಲ್ವೀನಜ್ಜಿಯ ಅಂಗಳಕ್ಕೆ ಬರುತ್ತಾರೆ, ಹಾಲಿಗಾಗಿ ಬಿಡಿಸಿದ ಎಳೆ ಎಂದು ನಾಡೆಲ್ಲ ಕಣ್ಣೊರೆಸಿಕೊಳ್ಳುತ್ತದೆ. ಹೇಳದಿದ್ದರೆ ತನ್ನ ಹೆಸರಿನಲ್ಲಿ ಸುಳ್ಳೊಂದು ಅಚ್ಚಾಗಿ ಉಳಿಯುತ್ತದೆ. ಪುಟ್ಟ ದೇಶ ತನ್ನದೆಂದು ಹೇಳಿಕೊಳ್ಳುವುದರಲ್ಲಿ ಇಂಥದ್ದು ಇನ್ನೆಷ್ಟಿದೆಯೋ ಎಂಬ ಯೋಚನೆಯೂ ಬಂತು. ಆದರೆ ಅಲ್ವೀನಜ್ಜಿಯ ತಾಯಿ ಮೊದಲೇ ಗೊತ್ತಿದ್ದ ಯಾವ ಮಾದರಿಯನ್ನೂ ನೋಡಿ ನೇಯಲಿಲ್ಲ. ಇದ್ದದ್ದರಲ್ಲಿ ಹರಕು ಮುಚ್ಚಿದಳು. ಆಮೇಲೆ ಅರವತ್ತು ವರ್ಷ ಊರು ಅದನ್ನೇ ನೋಡಿ ನೇಯ್ದು, ಅದನ್ನೇ ಉಟ್ಟು ಮದುವೆಯಾಗಿ, ಅದನ್ನೇ ಉಟ್ಟು ಹಾಡಿತು. ಅಷ್ಟಾದ ಮೇಲೆ ಅದು ಊರಿನದಲ್ಲ ಎನ್ನಲು ಹೆಲ್ವೆಗೆ ಬಾಯಿ ಬರಲಿಲ್ಲ.

ಅಭ್ಯಾಸದ ದಿನ ಅವಳು ಬಣ್ಣ ಕಟ್ಟದ ಕಂದು ಕುರಿಯ ಉಣ್ಣೆ ತಂದು ಮೇಜಿನ ಮೇಲಿಟ್ಟಳು. ಹೆಂಗಸರೆಲ್ಲ ಮುಟ್ಟಿ ನೋಡಿ, ಸರಿಯಾಗಿ ಅದೇ ಎಂದರು. ಯಾವಳೋ ಒಬ್ಬಳು ಮೂರು ಐದರ ರಗಳೆ ಯಾಕೆ, ಎಲ್ಲ ಕಡೆ ನಾಲ್ಕೆಳೆ ಹಾಕಿದರೆ ಅಚ್ಚುಕಟ್ಟಾಗಿರುತ್ತದೆ ಎಂದಳು. ಆಗಲೇ ಎರಡು ಮೂರು ತಲೆ ಹೌದೆಂದು ಅಲ್ಲಾಡಿದವು.

"ಬೇಡ," ಎಂದಳು ಹೆಲ್ವೆ. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಇದ್ದ ಹಾಗೇ ಇರಲಿ. ಒಂದೆಳೆ ಕೂಡ ಹೆಚ್ಚುಕಮ್ಮಿ ಮಾಡಬೇಡಿ."

ಯಾಕೆ ಎಂದು ಕೇಳಿದರೆ ಉಣ್ಣೆ ಹಂಚತೊಡಗಿದಳು. ಹೆಲ್ವೆಗೆ ಲೆಕ್ಕದ ಹುಚ್ಚು ಹಿಡಿದಿದೆ ಎಂದು ಹೆಂಗಸರು ನಕ್ಕರು. ಆಮೇಲೆ ಅವಳು ಹಬ್ಬಕ್ಕೆಂದು ತಿದ್ದಿ ಬರೆದ ಕರಪತ್ರವನ್ನು ತೈಮಿಗೆ ಕೊಟ್ಟಳು. ತೈಮಿ ಕನ್ನಡಕ ಏರಿಸಿ ಓದಿ, ತಿರುಗಿಸಿ ಹಿಂಬದಿ ನೋಡಿದಳು.

"ಅತಿ ಹಳೇದು ಅನ್ನೋದು ಎಲ್ಲಿ ಹೋಯ್ತೇ ಮಾರಾಯ್ತಿ? ಪಿಹ್ಲಸ್ತೆಯ ಹೆಂಗಸರು ನೇಯ್ದು ಉಟ್ಟ ಲಂಗ, ಇಷ್ಟೇನಾ?"

"ನನಗೆ ಖಾತ್ರಿ ಇರೋದು ಅಷ್ಟೇ."

"ಸೋಮ್ರಾದವರು ನಗ್ತಾರೆ."

"ನಗಲಿ. ಮೊದಲು ಬರೆದಾಗ ಸರಿಯಾಗಿ ವಿಚಾರಿಸಿರಲಿಲ್ಲ ಅಂತ ನನ್ನ ಹೆಸರು ಹೇಳು."

ತೈಮಿ ಅವಳ ಮುಖವನ್ನೇ ನೋಡಿದಳು. ಅಲ್ವೀನಜ್ಜಿ ಏನಾದರೂ ಹೇಳಿದಳೇ ಎಂದು ಈ ಸಲ ಮೆಲ್ಲಗೆ ಕೇಳಿದಳು. ಬಣ್ಣ ಹಾಕ್ತಿರಲಿಲ್ಲವಂತೆ, ಹಾಗೇ ನೂಲ್ತಿದ್ರಂತೆ ಎಂದಳು ಹೆಲ್ವೆ. ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ತೈಮಿ ಇನ್ನೂ ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ಹಾಡು ಶುರುವಾಯಿತು.

ಹೆಲ್ವೆ ಹಿಂದಿನ ಸಾಲಿನಲ್ಲಿ ನಿಂತು ದನಿಗೂಡಿಸಿದಳು. ಹಾಡಿನ ನಡುವೆ ಒಮ್ಮೆ ಎಲ್ಲವನ್ನೂ ಹೇಳಿ ಹಗುರಾಗಬೇಕೆನಿಸಿತು. ಹಗುರಾಗುವುದು ತಾನು, ಹೊರುವುದು ಅಲ್ವೀನಜ್ಜಿ. ತೈಮಿಗೆ ಬೇಡ, ಗಂಡನಿಗೂ ಬೇಡ, ವಸ್ತುಸಂಗ್ರಹಾಲಯದವರಿಗಂತೂ ಬೇಡವೇ ಬೇಡ. ಎರಡನೆಯ ಚರಣ ಬರುವಷ್ಟರಲ್ಲಿ ಅವಳು ಇದನ್ನು ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದಳು.