ನಾಲ್ಕು ಲೋಟಗಳ ಸರದಿ

ಒಂದೂರಿನಲ್ಲಿ ಒಂದು ಮೂಗಿತ್ತು. ಮೂಗಿನ ಹಿಂದೆ ಒಬ್ಬರು ಅತ್ತೆ, ಅತ್ತೆಯ ಹಿಂದೆ ನಾಲ್ಕು ಉಕ್ಕಿನ ತೊಟ್ಟಿ, ತೊಟ್ಟಿಗಳಲ್ಲಿ ಅವರೇ ತಯಾರಿಸಿದ ನಾಲ್ಕು ಬಗೆಯ ಬಿಯರು. ಆಚೆ ಬೀದಿಯಲ್ಲಿ ಹಾಲುಕ್ಕಿದರೆ ಈಚೆ ಬೀದಿಯಲ್ಲಿ ಬೈಗುಳ ಶುರುವಾಗುವಂಥ ಮೂಗು ಅದು.

ಈಗ ಅತ್ತೆ ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂತಿದ್ದರು. ಬಣ್ಣ ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ ಎಂಬುದು ಅವರ ನಂಬಿಕೆ. ಮೊದಲು ಮೂಸಿ ಬರೆಸಬೇಕು, ಗುಟುಕು ಆಮೇಲೆ. ಎದುರಿಗೆ ಅಣ್ಣನ ಮಗಳು ಪೆನ್ನು ಹಿಡಿದಿದ್ದಳು. ಬಾಟಲಿಗೆ ಅಂಟಿಸುವ ಚೀಟಿಗೆ ನಾಲ್ಕು ರುಚಿಯ ಬರಹವನ್ನೂ ಸಂಜೆಯೊಳಗೆ ಕೊಡುತ್ತೇನೆಂದು ಪ್ರೆಸ್ಸಿನವನಿಗೆ ಮಾತು ಕೊಟ್ಟವಳು ಅವಳೇ.

ಅತ್ತೆ ಮೊದಲ ಲೋಟ ಮೂಸಿದರು. "ಬರ್ಕೋ. ಗೋಧಿ ಬಿಯರು. ಬಾಳೆಹಣ್ಣು, ಅದರ ಹಿಂದೇನೇ ಲವಂಗ."

ಪೆನ್ನು ನಿಂತಿತು. ಅತ್ತೆಯ ಕೈಯಲ್ಲಿದ್ದದ್ದು ಕಪ್ಪು ಬಿಯರು. ನೊರೆಯಲ್ಲಿ ಆನೆಯ ಆಕಾರ ಕಂಡು ಅದನ್ನೇ ನೋಡುತ್ತ ಅವಳು ಟ್ರೇಯನ್ನು ಹಿಂದುಮುಂದಾಗಿ ಇಟ್ಟಿದ್ದಳು. ತಿಳಿಯಿಂದ ಕಪ್ಪಿಗೆ ಹೋಗಬೇಕಾದ ಸರದಿ ತಲೆಕೆಳಗಾಗಿತ್ತು. ಹುರಿದ ಕಾಫಿಬೀಜದ ವಾಸನೆ ಮೇಜಿನ ಈ ತುದಿಗೂ ಬರುತ್ತಿತ್ತು.

ಹೇಳಿದ್ದನ್ನು ಹಾಗೇ ಬರೆದರೆ ಯಾರಿಗೂ ಗೊತ್ತಾಗದು. ಆದರೆ ಯಾವುದಾದರೂ ತೊಟ್ಟಿಯ ಬಿಯರು ಕೆಟ್ಟಿದ್ದರೆ?

"ಅತ್ತೆ, ಅದು ಕಪ್ಪು."

ಅತ್ತೆ ಟವೆಲು ಬಿಚ್ಚಲಿಲ್ಲ. "ಜ್ವರ ಹೋಗೋವಾಗ ಮೂಗಿನ ವಾಸನೇನೂ ಎತ್ಕೊಂಡ್ ಹೋಯ್ತು ಕಣೇ. ಮೂರು ವಾರ ಆಯ್ತು."

"ನನ್ ಹತ್ರನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅದಕ್ಕೊಂದು ರಾಕ್ಷಸನ್ನ ಸೇರಿಸಿ ಕಥೆ ಕಟ್ತಿದ್ದೆ ನೀನು." ಟವೆಲು ಬಿಚ್ಚಿ ಅವಳ ಕಣ್ಣಿಗೆ ಕಟ್ಟಿದರು. "ಇವತ್ತು ನೀನು ಹೇಳು, ನಾನು ಬರೀತೀನಿ."

"ನಂಗೆ ಬರಲ್ಲ ಅತ್ತೆ."

"ಮೂಗಿದೆಯಲ್ಲ? ಸಾಕು."

ಅತ್ತೆ ಟ್ರೇ ಸರಿಯಾಗಿ ತಿರುಗಿಸಿದರು. ಮೊದಲ ಲೋಟ ಬಂತು. "ಚೆನ್ನಾಗಿದೆ," ಎಂದಳು.

"ಚೆನ್ನಾಗಿದೆ ಅನ್ನೋದು ನೆಂಟರ ಮನೇಲಿ. ಏನಿದೆ ಅದು ಹೇಳು."

"ಬಾಳೆಹಣ್ಣು. ಬುಟ್ಟಿ ತಳದಲ್ಲಿ ಮಾಗಿದ್ದು."

ಎರಡನೆಯದರಲ್ಲಿ ಕಿತ್ತಳೆ ಸಿಪ್ಪೆ ಹಿಂಡಿದಂತಿತ್ತು. ಕಹಿ ಮಾತ್ರ ಕರೆಯದ ನೆಂಟನ ಹಾಗೆ ತಡವಾಗಿ ಬಂದು ಎದ್ದು ಹೋಗಲೊಲ್ಲದು ಎಂದಳು. ಅತ್ತೆ ನಕ್ಕು ಅದನ್ನೂ ಬರೆದುಕೊಂಡರು. ಮೂರನೆಯದು ಕೆಂಪು ಬಿಯರು.

"ಬೆಣ್ಣೆ ಕಾಯಿಸಿದ್ಹಾಗೆ."

"ಸರಿಯಾಗಿ ಮೂಸು."

"ಬೆಣ್ಣೇನೇ ಅತ್ತೆ."

ಅತ್ತೆ ಪೆನ್ನು ಕೆಳಗಿಟ್ಟರು. "ಅದಿನ್ನೂ ಮಾಗಿಲ್ಲ ಹಾಗಾದ್ರೆ. ಬೆಣ್ಣೆ ವಾಸನೆ ಹೋಗೋಕೆ ತೊಟ್ಟಿ ಇನ್ನೂ ನಾಲ್ಕು ದಿನ ಬೆಚ್ಚಗಿರ್ಬೇಕು. ನಾಳೆ ಬಾಟಲಿಗೆ ತುಂಬಿಸ್ತಿದ್ನಲ್ಲೇ ನಾನು!"

ಕಪ್ಪು ಬಿಯರನ್ನು ಬರೆಸಲು ಕಷ್ಟವಾಗಲಿಲ್ಲ. ಸಂಜೆ ಪ್ರೆಸ್ಸಿನವನು ಬಂದು ಮೂರೇ ಹಾಳೆ ಎಣಿಸಿ, "ಏನಮ್ಮಾ, ನಾಲ್ಕು ಅಂದಿದ್ರಿ? ನಾಲ್ಕನೇದು ದಾರೀಲಿ ಇಳ್ಕೊಳ್ತಾ?" ಎಂದ. ನಾಲ್ಕೂ ಒಟ್ಟಿಗೇ ಕೊಡುತ್ತೇನೆ, ಐದು ದಿನ ಕೊಡಿ ಎಂದು ಹಾಳೆ ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಗೋಣು ಹಾಕಿದರು.

ಐದನೆಯ ದಿನ ಮತ್ತೆ ಅವಳ ಕಣ್ಣಿಗೆ ಟವೆಲು.

"ಬೆಣ್ಣೆ?"

"ಇಲ್ಲ."

"ಮತ್ತೆ?"

ಅವಳು ಬಹಳ ಹೊತ್ತು ಮೂಸಿದಳು. ಅತ್ತೆ ಅವಸರಪಡಿಸಲಿಲ್ಲ.

"ಒಲೆ ಆರಿದ್ಮೇಲೆ ಬಾಣಲೇಲಿ ಉಳಿದಿರುತ್ತಲ್ಲ ಸಕ್ಕರೆಪಾಕ, ಅದು. ಅಂಚಲ್ಲಿ ಸ್ವಲ್ಪ ಸೀದಿದೆ."

ಕತ್ತಲೆಯಲ್ಲಿ ಪೆನ್ನು ಸಾಗುವುದು ಕೇಳಿಸಿತು. ಕಾಗದ ಮಡಿಸಿದ ಸದ್ದಾಯಿತು. ಆಮೇಲೆ ಲಕೋಟೆಯ ಬಾಯಿಗೆ ಸವರಿದ ಅಂಟಿನ ವಾಸನೆ, ತೆಳ್ಳಗೆ, ಅವಳವರೆಗೆ ಬಂತು.